ಮುಖ ಸೊಟ್ಟಗಾದವರ ಕೈಗೆ ಸೂಜಿ ಚುಚ್ಚಿದರೆ ಮೆದುಳಿನ ಸ್ಕ್ಯಾನ್‌ನಲ್ಲಿ ಕೆಂಪು ಚುಕ್ಕೆ ಬರುತ್ತದಂತೆ, ಇದರ ಅರ್ಥ ಏನು?

ತಂಗಾಳಿ ಕೇಳಿದ್ದು:

ಅಕ್ಯುಪಂಕ್ಚರ್ ಬಗ್ಗೆ, ಮೆದುಳಿನ ಸ್ಕ್ಯಾನ್ ಬಗ್ಗೆ ತಿಳಿದವರು ಇಲ್ಲಿದ್ದರೆ ಸ್ವಲ್ಪ ಬಿಡಿಸಿ ಹೇಳಿ. ನಮ್ಮಕ್ಕನಿಗೆ ಬೆಲ್ಸ್ ಪಾಲ್ಸಿ. ಮುಖದ ಬಲಗಡೆ ಬಿದ್ದುಹೋಗಿ ಒಂದು ತಿಂಗಳ ಮೇಲಾಯಿತು. ಮೊದಲ ದಿನವೇ ಡಾಕ್ಟರಿಗೆ ತೋರಿಸಿದೆವು. ಲಕ್ವ ಅಲ್ಲ ಎಂದು ಹೇಳಿ ಸ್ಟೀರಾಯ್ಡ್ ಮಾತ್ರೆ ಕೊಟ್ಟರು, ಕಣ್ಣಿಗೆ ಡ್ರಾಪ್ಸ್ ಕೊಟ್ಟರು. ಈಗ ಹುಬ್ಬು ಸ್ವಲ್ಪ ಅಲುಗುತ್ತಿದೆ, ಬಾಯಿ ಮಾತ್ರ ಇನ್ನೂ ಎಡಕ್ಕೆ ಎಳೆಯುತ್ತದೆ. ನಕ್ಕರೆ ಎದ್ದು ಕಾಣುತ್ತದೆ ಎಂದು ಅವಳು ನಗುವುದನ್ನೇ ಬಿಟ್ಟಿದ್ದಾಳೆ.

ಪರಿಚಯದವರೊಬ್ಬರು ಅಕ್ಯುಪಂಕ್ಚರ್ ಮಾಡಿಸಿ ಎಂದರು. ಜೊತೆಗೆ ಫೋನಿಗೆ ಒಂದು ಚಿತ್ರ ಕಳಿಸಿದರು. ಎರಡು ಮೆದುಳು ಪಕ್ಕ ಪಕ್ಕ, ಒಂದು ಬರೀ ಬೂದು, ಇನ್ನೊಂದರ ತುಂಬಾ ಕೆಂಪು ಹಳದಿ ಚುಕ್ಕೆ. ಕೆಳಗೆ ‘ಸೂಜಿಗೆ ಮೊದಲು, ಸೂಜಿ ಆದ ಮೇಲೆ’ ಎಂದು ಬರೆದಿದೆ. ಸೂಜಿ ಹಾಕಿದ್ದು ಕೈಗೆ, ಹೆಬ್ಬೆರಳು ತೋರುಬೆರಳಿನ ನಡುವೆ. ರೋಗಿಗಳು ನಮ್ಮಕ್ಕನ ಥರದವರೇ ಅಂತೆ.

ನನಗೆ ತಲೆಗೆ ಹೋಗದೆ ಇರುವುದು ಇದು. ಕೆಟ್ಟಿರುವುದು ಮುಖದ ನರ, ಅದು ಕಿವಿಯ ಹತ್ತಿರದ ಮೂಳೆಯೊಳಗೆ ಒತ್ತಿಕೊಂಡಿದೆ ಎಂದು ಡಾಕ್ಟರೇ ಹೇಳಿದರು. ಹಾಗಿದ್ದ ಮೇಲೆ ಮೆದುಳಿನ ಸ್ಕ್ಯಾನ್ ಯಾಕೆ? ಕೈಗೆ ಚುಚ್ಚಿದ್ದಕ್ಕೂ ಬಾಯಿಗೂ ಏನು ಸಂಬಂಧ? ಕೆಂಪು ಚುಕ್ಕೆ ಬಂತು ಎಂದರೆ ಸೂಜಿ ಕೆಲಸ ಮಾಡುತ್ತಿದೆ ಎಂದು ತಿಳಿಯಬಹುದಾ? ದಯವಿಟ್ಟು ಸುಮ್ನೆ ನಂಬಿ ಎಂದೋ, ಎಲ್ಲಾ ಮೋಸ ಬಿಡಿ ಎಂದೋ ಒಂದೇ ಮಾತಲ್ಲಿ ಮುಗಿಸಬೇಡಿ. ಕಾರಣ ಹೇಳಿ. ಅಕ್ಕ ದಿನಾ ಕೇಳುತ್ತಾಳೆ.


ಕನ್ನಡಿಮುಂದೆ ಉತ್ತರಿಸಿದ್ದು:

ತಂಗಾಳಿಯವರೇ, ನಾನು ಫಿಸಿಯೋಥೆರಪಿಸ್ಟ್. ಮುಖದ ನರದ ತೊಂದರೆ ಇರುವವರ ಜೊತೆಯೇ ನನ್ನ ಕೆಲಸ ಜಾಸ್ತಿ. ಸ್ಕ್ಯಾನ್ ವಿಷಯ ಬಲ್ಲವರು ಹೇಳಲಿ, ನಾನು ನರದಿಂದ ಶುರು ಮಾಡುತ್ತೇನೆ. ನರದ ಕಥೆ ಗೊತ್ತಿಲ್ಲದೆ ಆ ಚಿತ್ರ ನೋಡಿದರೆ ದಾರಿ ತಪ್ಪುತ್ತದೆ.

ಇದು ತಲೆಯಿಂದ ಹೊರಡುವ ನರಗಳಲ್ಲಿ ಏಳನೆಯದು. ಕಿವಿಯ ಹತ್ತಿರದ ಮೂಳೆಯೊಳಗೆ ಒಂದು ಕೊಳವೆಯಲ್ಲಿ ಹಾದು ಮುಖಕ್ಕೆ ಬರುತ್ತದೆ. ಆ ಕೊಳವೆ ತೀರಾ ಇಕ್ಕಟ್ಟಾಗಿರುವ ಕಡೆ ಒಂದು ಮಿಲಿಮೀಟರ್ ಅಗಲವೂ ಇರುವುದಿಲ್ಲ. ನರ ಊದಿಕೊಂಡರೆ ಹಿಗ್ಗಲು ಜಾಗವೇ ಇಲ್ಲ, ಒತ್ತಿಕೊಂಡು ಕೆಲಸ ನಿಲ್ಲಿಸಿಬಿಡುತ್ತದೆ. ಊತಕ್ಕೆ ಕಾರಣ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ ಇರಬಹುದು ಎಂಬ ಅನುಮಾನ ಬಹಳ ಕಾಲದಿಂದ ಇದೆ. ಸ್ಟೀರಾಯ್ಡ್ ಕೊಡುವುದು ಊತ ಇಳಿಸಲು. ಸ್ಕಾಟ್ಲೆಂಡಿನಲ್ಲಿ 551 ಜನರನ್ನು ಸೇರಿಸಿಕೊಂಡು ಮಾಡಿದ ಒಂದು ದೊಡ್ಡ ಪ್ರಯೋಗ 2007ರಲ್ಲಿ ಪ್ರಕಟವಾಯಿತು. 72 ಗಂಟೆಯೊಳಗೆ ಪ್ರೆಡ್ನಿಸೊಲೋನ್ ಶುರು ಮಾಡಿದವರಲ್ಲಿ 9 ತಿಂಗಳಿಗೆ ಶೇ. 94ರಷ್ಟು ಜನರ ಮುಖ ಪೂರ್ತಿ ಸರಿಹೋಗಿತ್ತು. ಆ ಮಾತ್ರೆ ಸಿಗದವರಲ್ಲಿ ಶೇ. 82ರಷ್ಟು. ನೀವು ಮೊದಲ ದಿನವೇ ಹೋಗಿದ್ದು ತುಂಬಾ ಒಳ್ಳೆಯದಾಯಿತು.

ಆ ಎರಡನೆಯ ಅಂಕಿಯನ್ನು ಇನ್ನೊಂದು ಸಲ ನೋಡಿ. ಮಾತ್ರೆ ಇಲ್ಲದೆಯೂ ಹತ್ತರಲ್ಲಿ ಎಂಟು ಜನ ಗುಣವಾಗಿದ್ದಾರೆ. ಡೆನ್ಮಾರ್ಕಿನಲ್ಲಿ ಪೀಟರ್ಸನ್ ಎಂಬ ವೈದ್ಯರು ಯಾವ ಚಿಕಿತ್ಸೆಯನ್ನೂ ಕೊಡದೆ 1,701 ಬೆಲ್ಸ್ ಪಾಲ್ಸಿ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ 2002ರಲ್ಲಿ ಬರೆದರು. ಶೇ. 71 ಜನ ಪೂರ್ತಿ ಸರಿಹೋದರು, ಶೇ. 85 ಜನರಿಗೆ ಮೊದಲ 3 ವಾರದೊಳಗೇ ಮುಖ ಅಲುಗಲು ಶುರುವಾಗಿತ್ತು. ಅಂದರೆ ಎರಡನೇ ವಾರದಲ್ಲಿ ಏನೇ ಮಾಡಿಸಿದರೂ ‘ಅದರಿಂದಲೇ ಗುಣವಾಯಿತು’ ಎಂದು ಅನಿಸಿಯೇ ಅನಿಸುತ್ತದೆ. ಸೂಜಿಗೂ ಇದೇ ಮಾತು, ಮುಖಕ್ಕೆ ಕರೆಂಟು ಕೊಡುವ ಚಿಕಿತ್ಸೆಗೂ ಇದೇ ಮಾತು, ನಾನು ಹೇಳಿಕೊಡುವ ವ್ಯಾಯಾಮಕ್ಕೂ ಇದೇ ಮಾತು. ಸುಮ್ಮನಿದ್ದವರ ಗುಂಪು ಒಂದು ಪಕ್ಕದಲ್ಲಿ ಇಲ್ಲದಿದ್ದರೆ ಯಾವುದು ಕೆಲಸ ಮಾಡಿತು ಎಂದು ಹೇಳಲು ಬರುವುದೇ ಇಲ್ಲ.

ಡಾಕ್ಟರ್ ಲಕ್ವ ಅಲ್ಲ ಎಂದು ಅಷ್ಟು ಬೇಗ ಹೇಗೆ ಹೇಳಿದರು ಗೊತ್ತಾ? ಹುಬ್ಬು ಎತ್ತಿಸಿ ನೋಡಿರುತ್ತಾರೆ. ಹಣೆಗೆ ಮೆದುಳಿನ ಎರಡೂ ಕಡೆಯಿಂದ ಆಜ್ಞೆ ಬರುತ್ತದೆ, ಹಾಗಾಗಿ ಮೆದುಳಿನ ಒಂದು ಕಡೆ ಪೆಟ್ಟಾದರೂ ಹಣೆ ಸುಕ್ಕಾಗುತ್ತದೆ, ಬಾಯಿ ಮಾತ್ರ ಸೊಟ್ಟಗಾಗುತ್ತದೆ. ನರವೇ ಕೆಟ್ಟರೆ ಹಣೆ, ಕಣ್ಣು, ಬಾಯಿ ಮೂರೂ ಬೀಳುತ್ತವೆ.

ಈಗ ಅಕ್ಕನಿಗೆ ಬೇಕಾದ ವಿಷಯ. ಕಣ್ಣು ರಾತ್ರಿ ಪೂರ್ತಿ ಮುಚ್ಚುತ್ತಿದೆಯೇ ಎಂದು ಅವರು ಮಲಗಿದ ಮೇಲೆ ನೀವೇ ಹೋಗಿ ನೋಡಿ. ಸಣ್ಣ ಗೀರಿನಷ್ಟು ಬಿಳಿ ಕಂಡರೂ ಮುಲಾಮು ಹಚ್ಚಿ, ರೆಪ್ಪೆ ಮುಚ್ಚಿ ಟೇಪ್ ಹಾಕಬೇಕು, ಇಲ್ಲದಿದ್ದರೆ ಕಣ್ಣುಗುಡ್ಡೆ ಒಣಗಿ ಹುಣ್ಣಾಗುತ್ತದೆ. ಮುಖದ ವ್ಯಾಯಾಮ ಕನ್ನಡಿ ಮುಂದೆ, ನಿಧಾನವಾಗಿ. ಎಡಗೆನ್ನೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದುಕೊಂಡು ಬಲಗಡೆಯ ತುಟಿಯ ಮೂಲೆಯನ್ನು ಕೂದಲೆಳೆಯಷ್ಟು ಮೇಲೆತ್ತಲು ಹೇಳಿ. ಅಷ್ಟೇ ಸಾಕು. ಜೋರಾಗಿ ಮುಖ ಹಿಂಡುವುದು ಬೇಡ. ಮತ್ತೆ ಬೆಳೆಯುವ ನರದ ಎಳೆಗಳು ದಿನಕ್ಕೆ ಸುಮಾರು 1 ಮಿಲಿಮೀಟರ್ ಸಾಗುತ್ತವೆ, ಕೆಲವು ತಪ್ಪು ಜಾಗಕ್ಕೆ ಸೇರಿಕೊಳ್ಳುತ್ತವೆ, ಆಮೇಲೆ ನಕ್ಕರೆ ಕಣ್ಣು ಮುಚ್ಚುವುದು, ಕಣ್ಣು ಮುಚ್ಚಿದರೆ ಬಾಯಿ ಎಳೆಯುವುದು ಶುರುವಾಗುತ್ತದೆ. ಆ ಅಭ್ಯಾಸವನ್ನು ಆಮೇಲೆ ಬಿಡಿಸುವುದು ಬಹಳ ಕಷ್ಟ.


ಘನಾಕೃತಿ ಉತ್ತರಿಸಿದ್ದು:

ನಾನು ಎಂಆರ್‌ಐ ಲ್ಯಾಬಿನಲ್ಲಿ ಇಂಥ ಸ್ಕ್ಯಾನ್‌ಗಳ ಡೇಟಾ ಲೆಕ್ಕ ಹಾಕುವವನು. ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ಮೊದಲು ಆ ಕೆಂಪು ಬಣ್ಣ. ಮಷೀನು ಬಣ್ಣವನ್ನು ನೋಡುವುದಿಲ್ಲ. ಮೆದುಳಿನ ಒಂದು ಭಾಗ ಕೆಲಸಕ್ಕೆ ಇಳಿದರೆ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಜಾಸ್ತಿ ಹರಿಯುತ್ತದೆ. ಆಮ್ಲಜನಕ ಇರುವ ರಕ್ತಕ್ಕೂ ಇಲ್ಲದ ರಕ್ತಕ್ಕೂ ಅಯಸ್ಕಾಂತದ ಎದುರು ನಡವಳಿಕೆ ಬೇರೆ. ಸೇಜಿ ಒಗಾವಾ ಎಂಬ ವಿಜ್ಞಾನಿ 1990ರಲ್ಲಿ ಇದನ್ನು ತೋರಿಸಿಕೊಟ್ಟ ಮೇಲೆ ಎಫ್‌ಎಂಆರ್‌ಐ, ಅಂದರೆ ಮೆದುಳು ಕೆಲಸ ಮಾಡುವುದನ್ನು ನೋಡುವ ಎಂಆರ್‌ಐ, ಹುಟ್ಟಿತು. ರಕ್ತದ ಏರಿಕೆ ನರಕೋಶ ಕೆಲಸ ಮಾಡಿದ 5-6 ಸೆಕೆಂಡಿನ ಮೇಲೆ ಗರಿಷ್ಠಕ್ಕೆ ಬರುತ್ತದೆ, ಸಿಗ್ನಲ್ ಬದಲಾಗುವುದು ಶೇ. 1ರಿಂದ 3ರಷ್ಟು ಮಾತ್ರ. ಇಷ್ಟು ಸಣ್ಣ ಏರಿಳಿತವನ್ನು ಹಿಡಿಯಲು ಮೆದುಳನ್ನು ಸುಮಾರು 3 ಮಿಲಿಮೀಟರಿನ ಸಾವಿರಾರು ಪುಟ್ಟ ಘನಗಳಾಗಿ ಭಾಗ ಮಾಡಿ, ಒಂದೊಂದರಲ್ಲೂ ಲೆಕ್ಕ ಹಾಕಿ, ನಾವು ಇಟ್ಟ ಗಡಿಯನ್ನು ದಾಟಿದ್ದಕ್ಕೆ ನಾವೇ ಬಣ್ಣ ಹಚ್ಚುತ್ತೇವೆ. ಗಡಿ ಎಲ್ಲಿ ಇಟ್ಟರು ಎನ್ನುವುದು ನಿಮ್ಮ ಫೋನಿಗೆ ಬಂದ ಚಿತ್ರದಲ್ಲಿ ಇರುವುದಿಲ್ಲ, ಅಲ್ವಾ? ಆದರೆ ಎಲ್ಲ ನಿಂತಿರುವುದೇ ಅದರ ಮೇಲೆ.

ಒಂದು ಲೆಕ್ಕ ನೋಡಿ. 50,000 ಘನಗಳಿವೆ ಎಂದುಕೊಳ್ಳಿ. ನೂರಕ್ಕೆ ಐದು ಸಲ ಸುಳ್ಳು ಬಂದರೂ ಪರವಾಗಿಲ್ಲ ಎಂದು ಗಡಿ ಇಟ್ಟರೆ, ಏನೂ ನಡೆಯದ ಮೆದುಳಿನಲ್ಲೂ 2,500 ಘನಗಳು ಕೆಂಪಾಗುತ್ತವೆ. 2009ರಲ್ಲಿ ಅಮೆರಿಕದ ಕೆಲವು ಸಂಶೋಧಕರು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರ್ ಒಳಗಿಟ್ಟು ಅದಕ್ಕೆ ಮನುಷ್ಯರ ಫೋಟೋ ತೋರಿಸಿದರು. ಈ ತಪ್ಪನ್ನು ಸರಿಪಡಿಸುವ ಲೆಕ್ಕ ಬಿಟ್ಟರೆ ಸತ್ತ ಮೀನಿನ ಮೆದುಳಿನಲ್ಲೂ ಚುಕ್ಕೆ ಬರುತ್ತದೆ ಎಂದು ತೋರಿಸಲಿಕ್ಕೇ ಹಾಗೆ ಮಾಡಿದ್ದು. 2016ರಲ್ಲಿ ಸ್ವೀಡನ್ ತಂಡವೊಂದು ಇನ್ನೂ ಮುಂದೆ ಹೋಗಿ, ಎಲ್ಲರೂ ಬಳಸುವ ಸಾಫ್ಟ್‌ವೇರ್‌ಗಳಲ್ಲೂ ಕೆಲವು ಬಗೆಯ ಲೆಕ್ಕದಲ್ಲಿ ಸುಳ್ಳು ಫಲಿತಾಂಶ ಶೇ. 70ರವರೆಗೆ ಹೋಗಬಹುದು ಎಂದು ತೋರಿಸಿತು. ಇದು ಅಕ್ಯುಪಂಕ್ಚರ್‌ಗೆ ಮಾತ್ರ ಹೇಳುವ ಮಾತಲ್ಲ, ನಮ್ಮ ಇಡೀ ಕ್ಷೇತ್ರಕ್ಕೆ ಅನ್ವಯಿಸುತ್ತದೆ.

ಎರಡನೆಯದು, ನರ ಕೆಟ್ಟರೆ ಮೆದುಳನ್ನು ಯಾಕೆ ನೋಡಬೇಕು. ಇದು ನನಗೆ ತುಂಬಾ ಇಷ್ಟದ ವಿಷಯ. ಬೆಲ್ಸ್ ಪಾಲ್ಸಿಯಲ್ಲಿ ಮೆದುಳು ಚೆನ್ನಾಗಿಯೇ ಇರುತ್ತದೆ. ‘ನಗು’ ಎಂದು ಆಜ್ಞೆ ಕಳಿಸುತ್ತದೆ, ಬಾಯಿ ಕೇಳುವುದಿಲ್ಲ. ಆದರೆ ಮುಖದ ಚರ್ಮದ ಸ್ಪರ್ಶ ಬರುವುದು ಬೇರೆ ನರದಿಂದ, ಐದನೆಯದರಿಂದ, ಅದು ಸರಿಯಾಗಿದೆ. ಹಾಗಾಗಿ ಮೆದುಳಿಗೆ ಒಂದು ವಿಚಿತ್ರ ಸುದ್ದಿ ಬರುತ್ತಿರುತ್ತದೆ: ನಾನು ಅಲುಗಿಸಿದೆ, ಆದರೆ ಅಲುಗಿದ ಹಾಗೆ ಚರ್ಮ ಹೇಳುತ್ತಿಲ್ಲ. ಇದು ವಾರಗಟ್ಟಲೆ ನಡೆದರೆ ಮೆದುಳು ತನ್ನ ಜೋಡಣೆಯನ್ನೇ ಬದಲಿಸಿಕೊಳ್ಳುತ್ತದೆ. ಮೆದುಳಿನ ಹೊರಪದರದಲ್ಲಿ ಕೈಯ ಜಾಗದ ಪಕ್ಕದಲ್ಲೇ ಮುಖದ ಜಾಗ, ಇದನ್ನು ಪೆನ್‌ಫೀಲ್ಡ್ 1937ರಲ್ಲೇ ನಕ್ಷೆ ಮಾಡಿದ್ದರು. 1997ರಲ್ಲಿ ಜರ್ಮನಿಯ ತಂಡವೊಂದು ಮುಖದ ನರ ಬಿದ್ದವರ ಮೆದುಳನ್ನು ಪೆಟ್ ಸ್ಕ್ಯಾನ್‌ನಲ್ಲಿ (ಮೆದುಳಿನ ಕೆಲಸ ತೋರಿಸುವ ಇನ್ನೊಂದು ಬಗೆಯ ಸ್ಕ್ಯಾನ್) ನೋಡಿದಾಗ, ಅವರು ಕೈ ಆಡಿಸುವಾಗ ಕೈಯ ಜಾಗ ಮುಖದ ಜಾಗದ ಕಡೆಗೆ ಹರಡಿಕೊಂಡಿತ್ತು. ಪಕ್ಕದ ಮನೆ ಖಾಲಿ ಬಿದ್ದರೆ ನೆರೆಯವರು ಬೇಲಿ ಸರಿಸಿಕೊಂಡ ಹಾಗೆ.

ಈಗ ನಿಮ್ಮ ‘ಕೈಗೂ ಬಾಯಿಗೂ ಏನು ಸಂಬಂಧ’ ಎಂಬ ಪ್ರಶ್ನೆಗೆ ಒಂದು ಎಳೆ ಸಿಕ್ಕಿತು ನೋಡಿ. ಹೆಬ್ಬೆರಳು ತೋರುಬೆರಳಿನ ನಡುವಿನ ಆ ಜಾಗಕ್ಕೆ ಹೆಗು ಎಂದು ಹೆಸರು, ಎಲ್‌ಐ4 ಎಂದೂ ಕರೆಯುತ್ತಾರೆ. ಅಲ್ಲಿ ಚುಚ್ಚಿದರೆ ಸುದ್ದಿ ಹೋಗುವುದು ಮೆದುಳಿನ ಕೈ ಜಾಗಕ್ಕೆ, ಅದರ ಮಗ್ಗುಲಲ್ಲೇ ಮುಖ. ಆ ನೆರೆಹೊರೆಯಲ್ಲಿ ಜೋಡಣೆ ಹೇಗೆ ಬದಲಾಗುತ್ತದೆ ಎಂದು ನೋಡುವುದು ನ್ಯಾಯವಾದ ಪ್ರಶ್ನೆಯೇ.

ಚೀನಾದ ತಂಡವೊಂದು 2014ರಲ್ಲಿ ನ್ಯೂರೋರಿಪೋರ್ಟ್ ಪತ್ರಿಕೆಯಲ್ಲಿ ಪ್ರಕಟಿಸಿದ್ದು ಇದೇ ಥರದ್ದು. ರೋಗ ಶುರುವಾಗಿ ಎಷ್ಟು ದಿನವಾಯಿತು, ಮುಖ ಎಷ್ಟು ಅಲುಗುತ್ತದೆ ಎಂದು ನೋಡಿ ರೋಗಿಗಳನ್ನು ಗುಂಪು ಮಾಡಿದರು: ಆರಂಭದವರು, ಆಮೇಲಿನ ಹಂತದವರು, ಗುಣವಾದವರು. ಜೊತೆಗೆ ಆರೋಗ್ಯವಂತರ ಗುಂಪು. ಸೂಜಿಗೆ ಮೊದಲು ಮತ್ತು ಆಮೇಲೆ, ಮೆದುಳು ಸುಮ್ಮನಿರುವಾಗ ಅದರ ಯಾವ ಭಾಗ ಯಾವ ಭಾಗದ ಜೊತೆ ತಾಳ ಹಾಕುತ್ತದೆ ಎಂದು ಅಳೆದರು. ಇನ್ನೂ ಗುಣವಾಗದ ಎರಡು ಗುಂಪಿನಲ್ಲಿ ಸ್ಪರ್ಶದ ಜಾಗದ ಜೋಡಣೆ ಎದ್ದು ಕಾಣುವಷ್ಟು ಬದಲಾಯಿತು. ಗುಣವಾದವರಲ್ಲೂ ಆರೋಗ್ಯವಂತರಲ್ಲೂ ಹಾಗೆ ಆಗಲಿಲ್ಲ. ಸೂಜಿಗೆ ಮೆದುಳು ಕೊಡುವ ಉತ್ತರ ಆ ಹೊತ್ತಿನ ಮೆದುಳಿನ ಸ್ಥಿತಿಯ ಮೇಲೆ ನಿಂತಿರಬಹುದು ಎಂದು ಅವರು ಬರೆದರು.

ಇಲ್ಲಿ ಒಂದು ಗೆರೆ ಎಳೆಯಬೇಕು. ಇದು ಸೂಜಿಗೆ ಮೆದುಳು ಪ್ರತಿಕ್ರಿಯೆ ಕೊಡುತ್ತದೆ ಎಂದು ಹೇಳುತ್ತದೆ. ಕಿವಿ ಹತ್ತಿರದ ಕೊಳವೆಯಲ್ಲಿ ಒತ್ತಿಕೊಂಡ ನರ ಬೇಗ ಗುಣವಾಯಿತು ಎಂದು ಹೇಳುವುದಿಲ್ಲ. ಆ ನರ ಈ ಚಿತ್ರದಲ್ಲಿ ಇಲ್ಲವೇ ಇಲ್ಲ.

ಸ್ಕ್ಯಾನ್ ಹೇಗೆ ನಡೆಯುತ್ತದೆ ಎಂದು ಹೇಳಿದರೆ ನಿಮಗೇ ಅರ್ಥವಾಗುತ್ತದೆ. ರೋಗಿ ಕೊಳವೆಯೊಳಗೆ ಅಂಗಾತ ಮಲಗಿರುತ್ತಾರೆ, ಕಿವಿಗೆ ಪ್ಲಗ್, ತಲೆಯ ಎರಡೂ ಕಡೆ ಸ್ಪಂಜು. ಮಷೀನು ಕಟಕಟ ಎಂದು ಒಂದೇ ಸಮನೆ ಬಡಿಯುತ್ತಿರುತ್ತದೆ. ಸೂಜಿ ಹಾಕುವವರು ಪಕ್ಕದಲ್ಲಿ ನಿಂತಿರುತ್ತಾರೆ, ಅಯಸ್ಕಾಂತಕ್ಕೆ ಅಂಟದ ಲೋಹದ ಸೂಜಿ. ಸ್ವಲ್ಪ ಹೊತ್ತು ತಿರುಗಿಸುತ್ತಾರೆ, ಬಿಡುತ್ತಾರೆ, ಮತ್ತೆ ತಿರುಗಿಸುತ್ತಾರೆ. ಕೊನೆಗೆ ನೋವಾಯಿತಾ, ಜೋಮು ಹಿಡಿಯಿತಾ, ಭಾರ ಅನಿಸಿತಾ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಈ ಹೊತ್ತಿನಲ್ಲಿ ತಲೆ ಒಂದೆರಡು ಮಿಲಿಮೀಟರ್ ಅಲುಗಿದರೂ ಸುಳ್ಳು ಚುಕ್ಕೆ ಬರುತ್ತದೆ. ಚುಚ್ಚಿದರೆ ಯಾರೇ ಆದರೂ ಸ್ವಲ್ಪ ಬೆಚ್ಚುತ್ತಾರೆ. ಎಚ್ಚರದಿಂದ ಲೆಕ್ಕ ಹಾಕಿದವರ ಕೆಲಸಕ್ಕೂ ಹಾಕದವರ ಕೆಲಸಕ್ಕೂ ವ್ಯತ್ಯಾಸ ಇರುವುದೇ ಇಂಥ ಕಡೆ.


ಸೂಜಿಮೊನೆ ಉತ್ತರಿಸಿದ್ದು:

ಘನಾಕೃತಿಯವರು ಹೇಳಿದ್ದರಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ. ನಾನು ಅಕ್ಯುಪಂಕ್ಚರ್ ಕಲಿತು ಮಾಡುವವಳು, ನನ್ನ ಕಡೆಯ ಮಾತೂ ಇರಲಿ.

ಮುಖ ಬಿದ್ದವರಿಗೆ ನಾವು ಕೈಗೆ ಮಾತ್ರ ಹಾಕುವುದಿಲ್ಲ. ಬಾಯಿಯ ಮೂಲೆಯ ಪಕ್ಕ, ದವಡೆಯ ಮೂಲೆ, ಹುಬ್ಬಿನ ಮೇಲೆ, ಕಿವಿಯ ಹಾಲೆಯ ಹಿಂದಿನ ತಗ್ಗು, ಇಷ್ಟು ಕಡೆ ಮುಖದಲ್ಲೇ ಬಿಂದುಗಳಿವೆ. ಸ್ಕ್ಯಾನರ್ ಒಳಗೆ ತಲೆಯ ಸುತ್ತ ಸಿಗ್ನಲ್ ಹಿಡಿಯುವ ಪಂಜರದಂಥ ಕಾಯಿಲ್ ಇರುವುದರಿಂದ ಮುಖಕ್ಕೆ ಸೂಜಿ ಹಾಕಿ ತಿರುಗಿಸುವುದು ಕಷ್ಟ, ಕೈ ಹೊರಗೆ ಸಿಗುತ್ತದೆ. ಹಾಗಾಗಿ ಚಿತ್ರದಲ್ಲಿ ಕಾಣುವ ಚಿಕಿತ್ಸೆ ನಾವು ಮಾಡುವ ಚಿಕಿತ್ಸೆಯ ಒಂದು ತುಣುಕು ಎಂದು ತಿಳಿಯಿರಿ.

ಸೂಜಿ ಸರಿಯಾಗಿ ಕೂತರೆ ರೋಗಿಗೆ ಒಳಗೆ ಭಾರ, ಜೋಮು, ಒಂಥರಾ ಮಂದ ನೋವು ಬರುತ್ತದೆ, ಅದನ್ನು ದೆ ಚಿ ಎನ್ನುತ್ತಾರೆ. ಅಮೆರಿಕದ ಕ್ಯಾಥ್ಲೀನ್ ಹುಯಿ ಅವರ ತಂಡ 2000ರಲ್ಲಿ ಇದೇ ಹೆಗು ಬಿಂದುವಿನ ಮೇಲೆ ಎಫ್‌ಎಂಆರ್‌ಐ ಮಾಡಿತ್ತು, ಆರೋಗ್ಯವಂತರ ಮೇಲೆ. ದೆ ಚಿ ಬಂದವರಲ್ಲಿ ಅಮಿಗ್ಡಲಾ, ಹಿಪ್ಪೋಕ್ಯಾಂಪಸ್‌ನಂಥ ಒಳಭಾಗಗಳಲ್ಲಿ ಸಿಗ್ನಲ್ ಇಳಿಯಿತು, ಚುರುಕ್ಕೆನ್ನುವ ನೋವು ಬಂದವರಲ್ಲಿ ಏರಿತು. ಅಂದರೆ ಕೆಂಪು ಬಂದರೆ ಒಳ್ಳೆಯದು, ನೀಲಿ (ಸಿಗ್ನಲ್ ಇಳಿದದ್ದಕ್ಕೆ ಹಚ್ಚುವ ಬಣ್ಣ) ಬಂದರೆ ಕೆಟ್ಟದ್ದು ಎಂಬ ಲೆಕ್ಕವೇ ಸರಿಯಿಲ್ಲ. ನಾವು ಬಯಸುವ ಕಡೆ ಇಳಿಕೆಯೇ ಬರುತ್ತದೆ.

2013ರಲ್ಲಿ ಚೀನಾದಲ್ಲಿ 11 ಆಸ್ಪತ್ರೆ ಸೇರಿ 338 ಬೆಲ್ಸ್ ಪಾಲ್ಸಿ ರೋಗಿಗಳ ಮೇಲೆ ಮಾಡಿದ ಪ್ರಯೋಗ ಕೆನಡಾದ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಎರಡೂ ಗುಂಪಿಗೆ ಸ್ಟೀರಾಯ್ಡ್, ಎರಡೂ ಗುಂಪಿಗೆ ಸೂಜಿ. ಒಂದು ಗುಂಪಿಗೆ ದೆ ಚಿ ಬರುವ ಹಾಗೆ ತಿರುಗಿಸಿದರು, ಇನ್ನೊಂದಕ್ಕೆ ಸುಮ್ನೆ ಚುಚ್ಚಿ ಬಿಟ್ಟರು. 6 ತಿಂಗಳಿಗೆ ಮೊದಲನೇ ಗುಂಪಿನವರ ಮುಖ ಹೆಚ್ಚು ಚೆನ್ನಾಗಿತ್ತು. ಇದನ್ನು ಬರೀ ಮನಸ್ಸಿನ ಭಾವನೆ ಎಂದು ತಳ್ಳಿಹಾಕುವುದು ಸರಿ ಅನಿಸುವುದಿಲ್ಲ ನನಗೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಸ್ಟೀರಾಯ್ಡ್ ನಿಲ್ಲಿಸಿ, ಸೂಜಿ ಸಾಕು ಎನ್ನುವವರ ಹತ್ತಿರ ಹೋಗಬೇಡಿ. ಒಮ್ಮೆ ಮಾತ್ರ ಬಳಸಿ ಎಸೆಯುವ ಸೂಜಿ ಹೌದೇ ಎಂದು ಕೇಳಿ, ಪ್ಯಾಕೆಟ್ ನಿಮ್ಮೆದುರೇ ಬಿಚ್ಚಿಸಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ. ಗರ್ಭಿಣಿಯರಿಗೆ ಈ ಹೆಗು ಬಿಂದುವನ್ನೇ ನಾವು ಬಿಡುತ್ತೇವೆ.


ಘನಾಕೃತಿ:

ಸೂಜಿಮೊನೆ ಮೇಡಂ, ನೀವು ಹೇಳಿದ 2013ರ ಪ್ರಯೋಗ ಚೆನ್ನಾಗಿ ಮಾಡಿದ ಕೆಲಸವೇ. ಆದರೆ ಅದರಲ್ಲಿ ಸೂಜಿಯೇ ಇಲ್ಲದ ಗುಂಪು ಇರಲಿಲ್ಲ, ನೀವೇ ಹೇಳಿದಿರಿ. ತಿರುಗಿಸಿದ ಸೂಜಿ, ತಿರುಗಿಸದ ಸೂಜಿಗಿಂತ ಒಳ್ಳೆಯದು ಎಂದು ಅದು ಹೇಳುತ್ತದೆ. ಸ್ಟೀರಾಯ್ಡ್ ಮಾತ್ರ ತಗೊಂಡವರಿಗಿಂತ ಸೂಜಿಯೂ ಹಾಕಿಸಿಕೊಂಡವರು ಮುಂದಿರುತ್ತಾರೆಯೇ ಎನ್ನುವುದಕ್ಕೆ ಅದರಲ್ಲಿ ಉತ್ತರ ಸಿಗುವುದಿಲ್ಲ. ಒಂದು ಚಿಕಿತ್ಸೆಯ ಪ್ರಯೋಗಗಳನ್ನೆಲ್ಲ ಕಲೆಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2010ರ ವಿಮರ್ಶೆ ಆವರೆಗಿನ 6 ಪ್ರಯೋಗಗಳನ್ನು, 537 ರೋಗಿಗಳನ್ನು ಒಟ್ಟಿಗೆ ನೋಡಿ, ಪ್ರಯೋಗಗಳ ಗುಣಮಟ್ಟ ಸಾಲದು, ಯಾವ ತೀರ್ಮಾನಕ್ಕೂ ಬರಲಾಗದು ಎಂದಿತ್ತು. ಅಮೆರಿಕದ ಕಿವಿ ಮೂಗು ಗಂಟಲು ವೈದ್ಯರ ಸಂಘದ 2013ರ ಮಾರ್ಗಸೂಚಿಯೂ ಅಕ್ಯುಪಂಕ್ಚರ್ ಬಗ್ಗೆ ಮಾಡಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ಮೆದುಳಿನ ಚಿತ್ರದಿಂದ ನೇರವಾಗಿ ಚಿಕಿತ್ಸೆಗೆ ಜಿಗಿಯುವುದು ನನಗೆ ಯಾಕೆ ಭಯ ಎಂದರೆ, ಹಾಗೆ ಜಿಗಿದ ಒಂದು ದೊಡ್ಡ ಉದಾಹರಣೆ ಇದೆ. 1998ರಲ್ಲಿ ಚೋ ಎಂಬ ವಿಜ್ಞಾನಿಯ ತಂಡ, ಕಾಲಿನ ಕಿರುಬೆರಳ ಹತ್ತಿರದ ಬಿಂದುವನ್ನು ಚುಚ್ಚಿದರೆ ಮೆದುಳಿನ ನೋಟದ ಭಾಗವೇ ಎಚ್ಚರಗೊಳ್ಳುತ್ತದೆ ಎಂದು ಬರೆಯಿತು. ಹಳೆಯ ಗ್ರಂಥಗಳಲ್ಲಿ ಆ ಬಿಂದು ಕಣ್ಣಿನದ್ದು. ಎಲ್ಲೆಡೆ ಸುದ್ದಿಯಾಯಿತು. 2006ರಲ್ಲಿ ಅದೇ ಚೋ ಮತ್ತು ಜೊತೆಗಾರರಲ್ಲಿ ಹಲವರು, ಬಿಂದುವಿಗೂ ಮೆದುಳಿನ ಭಾಗಕ್ಕೂ ಅಂಥ ನಿರ್ದಿಷ್ಟ ನಂಟು ಇದೆ ಎಂಬ ಮಾತನ್ನು ತಾವು ಈಗ ಒಪ್ಪುವುದಿಲ್ಲ ಎಂದು ಆ ಬರಹವನ್ನು ಹಿಂದಕ್ಕೆ ಪಡೆದರು. ಅದನ್ನು ನಾನು ಗೌರವದಿಂದ ನೋಡುತ್ತೇನೆ. ಆದರೆ 1998ರ ಚಿತ್ರ ಇವತ್ತಿಗೂ ಹಂಚಿಕೆಯಾಗುತ್ತದೆ, 2006ರ ಮಾತು ಹಂಚಿಕೆಯಾಗುವುದಿಲ್ಲ.

ಹೇಗೆ ಮಾಡಬೇಕು ಎನ್ನುವುದಕ್ಕೂ ಉದಾಹರಣೆ ಇದೆ. 2017ರಲ್ಲಿ ಬ್ರೇನ್ ಪತ್ರಿಕೆಯಲ್ಲಿ ಬಂದ ಕೆಲಸ, ರೋಗ ಬೇರೆ, ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವ ಕಾರ್ಪಲ್ ಟನಲ್. 80 ರೋಗಿಗಳು, ಮೂರು ಗುಂಪು: ನೋವಿರುವ ಕೈಗೇ ಕರೆಂಟಿನ ಸೂಜಿ, ದೂರದ ಕಾಲಿಗೆ, ಮತ್ತೆ ನಕಲಿ ಸೂಜಿ. ನೋವು ಮೂರೂ ಗುಂಪಿನಲ್ಲಿ ಕಡಿಮೆಯಾಯಿತು, ನಕಲಿಯಲ್ಲೂ! ಆದರೆ ನರದಲ್ಲಿ ಸಂಕೇತ ಹರಿಯುವ ವೇಗ ಸುಧಾರಿಸಿದ್ದು ನಿಜವಾದ ಸೂಜಿಯ ಗುಂಪುಗಳಲ್ಲಿ ಮಾತ್ರ. ಮೆದುಳಿನಲ್ಲಿ ಬೆರಳುಗಳ ಜಾಗ ಸರಿಹೋದದ್ದಕ್ಕೂ 3 ತಿಂಗಳ ಮೇಲೂ ಆರಾಮ ಉಳಿದದ್ದಕ್ಕೂ ನಂಟು ಸಿಕ್ಕಿತು. ನರ, ಮೆದುಳು, ರೋಗಿ ಹೇಳುವುದು, ಮೂರನ್ನೂ ಅಳೆದರು ನೋಡಿ. ಮುಖದ ನರಕ್ಕೂ ಇಂಥದ್ದೊಂದು ಆಗಬೇಕು ಎಂಬುದು ನನ್ನ ಆಸೆ.


ತಂಗಾಳಿ:

ಎಲ್ಲರಿಗೂ ತುಂಬಾ ಧನ್ಯವಾದ. ಅಕ್ಕನಿಗೆ ಓದಿ ಹೇಳಿದೆ. ಅವಳು ಒಂದು ಪ್ರಶ್ನೆ ಕೇಳಿದಳು, ನನಗೂ ಅದು ಸರಿ ಅನಿಸಿತು. ಗುಣವಾಗದವರ ಮೆದುಳಿನಲ್ಲಿ ಮಾತ್ರ ಬದಲಾವಣೆ ಬಂತು, ಆರೋಗ್ಯವಂತರಲ್ಲಿ ಬರಲಿಲ್ಲ ಎಂದರಲ್ಲ, ಹಾಗಾದರೆ ಸೂಜಿ ಬೇಕಾದವರಿಗೆ ಮಾತ್ರ ಕೆಲಸ ಮಾಡುತ್ತಿದೆ ಎಂದೇ ಆಯಿತಲ್ವಾ? ಇನ್ನೊಂದು, ಅಕ್ಕನಿಗೂ ಸೂಜಿಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಈ ಸ್ಕ್ಯಾನ್ ಮಾಡಿಸಿದರೆ ನಮಗೇ ಗೊತ್ತಾಗುತ್ತದಾ?


ಘನಾಕೃತಿ:

ನಿಮ್ಮಕ್ಕ ಕೇಳಿದ್ದು ಒಳ್ಳೆಯ ಪ್ರಶ್ನೆ. ಹಾಗೂ ಓದಬಹುದು, ಆದರೆ ಇನ್ನೆರಡು ಓದು ಇವೆ. ಮುಖ ಬಿದ್ದು ಕಂಗೆಟ್ಟಿರುವವರು ಸೂಜಿ ಚುಚ್ಚುವಾಗ ಇದರಿಂದ ಗುಣವಾದೀತು ಎಂದು ಪೂರ್ತಿ ಗಮನ ಅಲ್ಲೇ ಇಟ್ಟಿರುತ್ತಾರೆ. ಆರೋಗ್ಯವಂತರಿಗೆ ಅದು ಬರೀ ಸೂಜಿ, ಗುಣವಾದವರಿಗೂ ಆ ಆತಂಕ ಕಳೆದಿರುತ್ತದೆ. ಗಮನ ಮತ್ತು ಆಸೆ ಎರಡೂ ಮೆದುಳಿನ ಜೋಡಣೆಯನ್ನು ಬದಲಿಸುತ್ತವೆ. ಇದನ್ನು ಬೇರ್ಪಡಿಸಲು ರೋಗಿಗಳಿಗೇ ನಕಲಿ ಸೂಜಿ ಹಾಕಿ ನೋಡಬೇಕು. ಚರ್ಮಕ್ಕೆ ತಾಗಿ ಹಿಡಿಯೊಳಗೆ ಸರಿದುಹೋಗುವ ಮೊಂಡು ಸೂಜಿ 1998ರಿಂದಲೇ ಇದೆ.

ಇನ್ನೊಂದು ಲೆಕ್ಕದ ವಿಷಯ. ಒಂದು ಗುಂಪಿನಲ್ಲಿ ಬದಲಾವಣೆ ಗಡಿ ದಾಟಿತು, ಇನ್ನೊಂದರಲ್ಲಿ ದಾಟಲಿಲ್ಲ ಎಂದ ಮಾತ್ರಕ್ಕೆ ಎರಡು ಗುಂಪಿನ ನಡುವೆ ವ್ಯತ್ಯಾಸ ಇದೆ ಎಂದಾಗುವುದಿಲ್ಲ. ಒಂದು ಗಡಿಯಿಂದ ಕೂದಲೆಳೆ ಮೇಲೆ, ಇನ್ನೊಂದು ಕೂದಲೆಳೆ ಕೆಳಗೆ ಇರಬಹುದು. ಗುಂಪುಗಳನ್ನು ನೇರವಾಗಿ ಹೋಲಿಸಿ ನೋಡಬೇಕು. ಮೆದುಳಿನ ಸ್ಕ್ಯಾನ್ ಓದುವಾಗ ನಾನು ಮೊದಲು ಹುಡುಕುವುದೇ ಇದನ್ನು.

ಅಕ್ಕನಿಗೆ ಎಫ್‌ಎಂಆರ್‌ಐ ಮಾಡಿಸಬೇಡಿ. ಒಬ್ಬರ ಸ್ಕ್ಯಾನ್ ಇವತ್ತಿಗೂ ನಾಳೆಗೂ ತಾನೇ ಬದಲಾಗುತ್ತದೆ, ನಿದ್ದೆ ಕಡಿಮೆಯಾದರೂ ಕಾಫಿ ಕುಡಿದರೂ ಬದಲಾಗುತ್ತದೆ. ಗುಂಪಿನ ಸರಾಸರಿಯಲ್ಲಿ ಅರ್ಥ ಇರುವ ಅಳತೆ ಒಬ್ಬರ ವಿಷಯದಲ್ಲಿ ಏನನ್ನೂ ಹೇಳಲಾರದು.


ಅರ್ಧನಗು ಉತ್ತರಿಸಿದ್ದು:

ನನಗೂ ಇದು ಆಗಿತ್ತು, ಎಡಗಡೆ. ನಾನು ಸ್ಟೀರಾಯ್ಡ್ ತಗೊಂಡೆ, ಅಕ್ಯುಪಂಕ್ಚರೂ ಮಾಡಿಸಿದೆ. ಯಾವುದರಿಂದ ಗುಣವಾಯಿತು ಎಂದು ಹೇಳಲಾರೆ. ಆದರೆ ಒಂದು ಮಾತು ನಿಮ್ಮಕ್ಕನಿಗೆ ಹೇಳಬೇಕು. ಸೂಜಿ ಹಾಕಿಸಿಕೊಳ್ಳಲು ಹೋದಾಗ ವಾರಕ್ಕೆ ಒಂದಿಷ್ಟು ಹೊತ್ತು ಯಾರೋ ನನ್ನ ಮುಖವನ್ನು ಅಸಹ್ಯಪಡದೆ, ಅಯ್ಯೋ ಪಾಪ ಎನ್ನದೆ ಗಮನ ಕೊಟ್ಟು ನೋಡುತ್ತಿದ್ದರು. ಅದು ನನಗೆ ತುಂಬಾ ಬೇಕಾಗಿತ್ತು. ಮನೆಯಲ್ಲಿ ಎಲ್ಲರೂ ನನ್ನ ಮುಖ ನೋಡುವುದನ್ನೇ ತಪ್ಪಿಸುತ್ತಿದ್ದರು, ನೋವಾಗಬಾರದು ಎಂದೇ ಇರಬಹುದು. ನೀವು ಹಾಗೆ ಮಾಡಬೇಡಿ. ಅವರು ಮಾತಾಡುವಾಗ ಮುಖ ನೋಡಿಯೇ ಮಾತಾಡಿ.


ಕನ್ನಡಿಮುಂದೆ:

ಅರ್ಧನಗು ಹೇಳಿದ್ದಕ್ಕೆ ನನ್ನದೂ ಪೂರ್ತಿ ಒಪ್ಪಿಗೆ.

ತಂಗಾಳಿಯವರೇ, ಗುಣವಾಗುತ್ತಿದೆಯೇ ಎಂದು ತಿಳಿಯಲು ಮಷೀನು ಬೇಡ, ನಿಮ್ಮ ಫೋನು ಸಾಕು. ವಾರಕ್ಕೊಂದು ಸಲ, ಅದೇ ಬೆಳಕಿನಲ್ಲಿ, ಅದೇ ದೂರದಿಂದ ವಿಡಿಯೋ ತೆಗೆಯಿರಿ. ಮುಖ ಸುಮ್ಮನಿದ್ದಾಗ, ಹುಬ್ಬು ಎತ್ತಿದಾಗ, ಕಣ್ಣು ಮೆಲ್ಲಗೆ ಮುಚ್ಚಿದಾಗ, ಆಮೇಲೆ ಬಿಗಿಯಾಗಿ ಮುಚ್ಚಿದಾಗ, ಹಲ್ಲು ಕಾಣುವ ಹಾಗೆ ನಕ್ಕಾಗ, ತುಟಿ ಮುಂದೆ ಚಾಚಿದಾಗ. ಒಂದು ಚಲನೆ ಮಾಡುವಾಗ ಇನ್ನೆಲ್ಲಾದರೂ ತಾನಾಗಿ ಅಲುಗುತ್ತದೆಯೇ ಎಂದೂ ನೋಡಿ. ನಾವು ಕ್ಲಿನಿಕ್ಕಿನಲ್ಲಿ ಬಳಸುವ ಸನ್ನಿಬ್ರೂಕ್ ಅಳತೆಯಲ್ಲೂ ನೋಡುವುದು ಹೆಚ್ಚು ಕಡಿಮೆ ಇವನ್ನೇ. ಅಕ್ಯುಪಂಕ್ಚರ್ ಮಾಡಿಸುವುದಾದರೆ ಮಾಡಿಸಿ, ಕಣ್ಣಿನ ಆರೈಕೆಯನ್ನೂ ಡಾಕ್ಟರ ಭೇಟಿಯನ್ನೂ ಬಿಡದೆ.

ಸಾಧಾರಣ ಎಂಆರ್‌ಐ ಬೇಕಾಗುವ ಸಂದರ್ಭಗಳು ಬೇರೆ ಇವೆ, ಅದನ್ನು ತಿಳಿದಿರಲಿ. ಮುಖ ಒಂದೆರಡು ದಿನದಲ್ಲಿ ಬೀಳದೆ ವಾರಗಟ್ಟಲೆ ನಿಧಾನವಾಗಿ ಬಿದ್ದಿದ್ದರೆ, 3 ತಿಂಗಳಾದರೂ ಮುಖ ಪೂರ್ತಿ ಸರಿಹೋಗದಿದ್ದರೆ, ಎರಡೂ ಕಡೆ ಬಿದ್ದರೆ, ಅದೇ ಕಡೆ ಮತ್ತೆ ಬಂದರೆ, ಜೊತೆಗೆ ಕಿವಿ ಮಂದವಾಗುವುದು, ಎರಡೆರಡು ಕಾಣುವುದು, ಕೈಕಾಲು ಸೋಲುವುದು ಇದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಕೈಕಾಲು ಸೋತರೆ, ಮಾತು ತೊದಲಿದರೆ ಅದು ತುರ್ತು, ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು. ನಿಮ್ಮಕ್ಕನಿಗೆ ಒಂದೇ ತಿಂಗಳಲ್ಲಿ ಹುಬ್ಬು ಅಲುಗುತ್ತಿದೆ ಎಂದಿರಲ್ಲ, ಅದು ಒಳ್ಳೆಯ ಲಕ್ಷಣ. ಹುಬ್ಬು ಎತ್ತಿದಾಗ ಬಾಯಿಯ ಮೂಲೆ ಜೊತೆಯಲ್ಲಿ ಎಳೆಯುತ್ತಿದೆಯೇ ಎಂದು ನಾಳೆಯ ವಿಡಿಯೋದಲ್ಲಿ ನೋಡಿ ಇಲ್ಲೇ ಬರೆಯಿರಿ, ಎಳೆಯುತ್ತಿದ್ದರೆ ವ್ಯಾಯಾಮವನ್ನು ಸ್ವಲ್ಪ ಬದಲಿಸಿ ಹೇಳುತ್ತೇನೆ.